ನಮ್ಮ ಊರುಗಳ ಜನರು ಯಾರು?

(ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳನ್ನು ಕುರಿತು ಮೇಲಿನ ತರಗತಿಗಳ ವಿದ್ಯಾರ್ಥಿನಿಯರಿಗೆ ಒಂದು ಪಾಠ)



೨೦೨೫ನೆಯ ಇಸವಿಯ ಸಪ್ಟೆಂಬರ ತಿಂಗಳ ಕಡೆಗೆ ನಮ್ಮ ರಾಜ್ಯದಲ್ಲಿ ಮನೆಮನೆಯ ಸಮೀಕ್ಷೆ ಆರಂಭವಾದದ್ದು ನಿಮ್ಮ ನೆನಪಿನಲ್ಲಿರಬಹುದು. ಹಿಂದುಳಿದ ವರ್ಗಗಳ ಆಯೋಗದವರ ಪರವಾಗಿ ಶಿಕ್ಷಕರೇ ಬಾಗಿಲಿಂದ ಬಾಗಿಲಿಗೆ ಹೋಗಿ, ಅರುವತ್ತು ಪ್ರಶ್ನೆಗಳನ್ನು ಕೇಳಿ ಉತ್ತರ ಬರಕೊಂಡರು. ದಸರೆಯ ಸೂಟಿ ಮುಗಿದು ಶಾಲೆ ತಿರುಗಿ ತೆರೆದ ಮೇಲೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನಮ್ಮ ಕೋಣೆಯ ಬಾಗಿಲಲ್ಲಿ ಬಂದು ನಿಂತು, "ಅಕ್ಕಾವ್ರ, ಬರಕೊಳ್ಳಾಕ ಬಂದವರು ನೀವು ಯಾವ ಜನಾಂಗದವರು ಅಂತ ಕೇಳಿದ್ರು. ನಮ್ಮವ್ವ ಲಿಂಗಾಯತ ಅಂದ್ಲು, ನಮ್ಮಜ್ಜ ಗಾಣಿಗರು ಅಂದ. ಖರೇ ಯಾವುದ್ರೀ?" ಎಂದು ಕೇಳಿದಳು. ನಾವು ಆ ಕ್ಷಣಕ್ಕೆ, "ಇಬ್ಬರೂ ಸುಳ್ಳು ಹೇಳಿಲ್ಲ, ಹೋಗು" ಎಂದು ಹೇಳಿ ಕಳುಹಿಸಿದೆವು. ಆದರೆ ಅಷ್ಟು ಮಾತ್ರದ ಉತ್ತರದಿಂದ ನಮಗೇ ಸಮಾಧಾನವಾಗಲಿಲ್ಲ. ಅವಳಿಗೆ ಕೊಡಬೇಕಾಗಿದ್ದ ಪೂರ್ಣ ಉತ್ತರವನ್ನು ಈ ಸ್ಮರಣ ಸಂಚಿಕೆಯಲ್ಲಿ ಎಲ್ಲರಿಗೂ ಪಾಠವಾಗಿ ಬರೆಯುತ್ತಿದ್ದೇವೆ.

ಹೀಗೆ ಬರೆಯಲು ಮತ್ತೊಂದು ಕಾರಣವುಂಟು. ಭಾರತ ಸರಕಾರದ ಮುಂದಿನ ಜನಗಣತಿಗೆ ೨೦೨೭ನೆಯ ಮಾರ್ಚ ೧ನೆಯ ದಿನವು ಗೊತ್ತಾಗಿದೆ. ಅದರಲ್ಲಿ ಎಲ್ಲರ ಜಾತಿಯನ್ನೂ ಬರೆಯಬೇಕೆಂದು ೨೦೨೫ನೆಯ ಏಪ್ರಿಲ ೩೦ರಂದು ನಿಶ್ಚಯವಾಯಿತು. ನಿಮ್ಮ ಮನೆಯಲ್ಲಿ ಓದುಬರಹ ಬಲ್ಲವರು ನೀವೇ ಆಗಿದ್ದರೆ ಉತ್ತರ ಹೇಳುವ ಭಾರವೂ ನಿಮ್ಮ ಮೇಲೆಯೇ ಬಂದೀತು. ಏನು ಕೇಳುತ್ತಾರೆ, ಯಾಕೆ ಕೇಳುತ್ತಾರೆ ಎಂಬದನ್ನು ತಿಳಿದು ಹೇಳುವದು ಸುಶಿಕ್ಷಿತೆಯಾದವಳ ಲಕ್ಷಣವು.

೧. ಮೊದಲು ಮಾತುಗಳ ಅರ್ಥ

ನಮ್ಮ ಭಾಷೆಯಲ್ಲಿ 'ಜನಾಂಗ' ಎಂಬ ಒಂದೇ ಮಾತು ಅನೇಕ ಕಡೆಗೆ ದುಡಿಯುತ್ತದೆ. ಹಳೆಯ ಭೂಗೋಲದ ಪುಸ್ತಕಗಳಲ್ಲಿ ಬಿಳಿಯ ಜನಾಂಗ, ಕರಿಯ ಜನಾಂಗ, ಹಳದಿಯ ಜನಾಂಗವೆಂದು ಓದುತ್ತಿದ್ದರು. ಕಚೇರಿಯ ಕಾಗದಗಳಲ್ಲಿ ಹಿಂದುಳಿದ ಜನಾಂಗ, ಅಲೆಮಾರಿ ಜನಾಂಗವೆಂದು ಬರೆಯುತ್ತಾರೆ. ಮದುವೆಯ ಮಾತುಕತೆಯಲ್ಲಿ "ಅವರು ನಮ್ಮ ಜನಾಂಗದವರೇ" ಎಂದು ಹೇಳುವದು ಜಾತಿಯನ್ನು. ಒಂದೇ ಮಾತಿಗೆ ಮೂರು ಅರ್ಥಗಳಿದ್ದಲ್ಲಿ ಹುಡುಗಿಗೆ ಗೊಂದಲವಾದದ್ದು ಆಶ್ಚರ್ಯವಲ್ಲ. ಆದುದರಿಂದ ನಾವು ನಾಲ್ಕು ಸಂಗತಿಗಳನ್ನು ಬೇರೆ ಬೇರೆಯಾಗಿ ಇಟ್ಟು ನೋಡೋಣ. ಒಂದು, ದೇಹದ ವಂಶ: ಅಂದರೆ ನಮ್ಮ ಹಿರಿಯರ ಹಿರಿಯರು ಭೂಮಿಯ ಯಾವ ಭಾಗದಿಂದ ಬಂದವರು ಎಂಬದು. ಎರಡು, ಜಾತಿ: ಅಂದರೆ ಯಾರೊಡನೆ ಹೆಣ್ಣು ಕೊಟ್ಟು ತರುವ ರೂಢಿಯುಂಟೋ ಆ ವರ್ತುಳ, ಅದಕ್ಕೆ ಅನೇಕ ವೇಳೆ ಒಂದು ಕಸುಬಿನ ಹೆಸರಿರುತ್ತದೆ. ಮೂರು, ಮತ. ನಾಲ್ಕು, ಮನೆಯಲ್ಲಿ ಆಡುವ ಭಾಷೆ.

ಈ ನಾಲ್ಕೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆಂದು ಜನರು ಭಾವಿಸುತ್ತಾರೆ. ನಮ್ಮ ಸೀಮೆಯ ಉದಾಹರಣೆಗಳು ಹಾಗೆ ಹೇಳುವದಿಲ್ಲ. ಹತ್ತಿ ಹಿಂಜುವ ಕಸುಬಿನ ಪಿಂಜಾರರು, ಅಂದರೆ ನದಾಫರು, ಮತದಿಂದ ಮುಸಲ್ಮಾನರು. ಅವರ ಅನೇಕ ಮನೆಗಳಲ್ಲಿ ಆಡುವ ಮಾತು ಕನ್ನಡವೇ. ತಾಂಡೆಗಳಲ್ಲಿರುವ ಲಮಾಣಿಗಳು ಮತದಿಂದ ಹಿಂದೂಗಳು. ಅವರ ಗೋರಬೋಲಿ ರಾಜಸ್ಥಾನದ ಮಾತುಗಳಿಗೆ ಸಮೀಪದ್ದು. ಕಲ್ಲು ಮಣ್ಣಿನ ಕೆಲಸದ ವಡ್ಡರ ಎಷ್ಟೋ ಮನೆಗಳಲ್ಲಿ ತೆಲುಗು, ತೊಗಲುಗೊಂಬೆಯಾಡಿಸುವ ಕಿಳ್ಳೇಕ್ಯಾತರ ಮನೆಗಳಲ್ಲಿ ಮರಾಠಿಗೆ ಹತ್ತಿರವಾದ ಮಾತು ಕೇಳಬರುತ್ತದೆ. ನಮ್ಮ ನೆರೆಯ ಯಲ್ಲಾಪುರ, ಹಳಿಯಾಳಗಳ ಅಡವಿಯ ಸಿದ್ದಿಗಳನ್ನು ನೋಡಿರಿ. ಅವರ ಪೂರ್ವಜರು ಆಫ್ರಿಕಾ ಖಂಡದಿಂದ ಬಂದವರೆಂಬದು ನಿಸ್ಸಂಶಯವು. ಆದರೂ ಅವರಲ್ಲಿ ಹಿಂದೂಗಳೂ, ಮುಸಲ್ಮಾನರೂ, ಕ್ರೈಸ್ತರೂ ಇದ್ದಾರೆ. ಅವರು ಆಡುವದು ಕನ್ನಡ, ಕೊಂಕಣಿ ಮುಂತಾದ ಈ ನೆಲದ ಮಾತುಗಳನ್ನು. ದೇಹದ ವಂಶವು ಒಂದು, ಮತಗಳು ಮೂರು. ಆದುದರಿಂದ ಒಬ್ಬರ ಮುಖವನ್ನು ನೋಡಿ ಮತವನ್ನಾಗಲಿ, ಮತವನ್ನು ನೋಡಿ ಮಾತನ್ನಾಗಲಿ ಊಹಿಸುವದು ಸಲ್ಲದು.

೨. ಮೂಗಿನ ಅಳತೆಯ ಕಥೆ

ಈಗ ಮೊದಲನೆಯ ಸಂಗತಿಯನ್ನು, ಅಂದರೆ ದೇಹದ ವಂಶವನ್ನು, ವಿಚಾರಿಸೋಣ. ೧೯೦೧ನೆಯ ಇಸವಿಯ ಜನಗಣತಿಯ ಮುಖ್ಯಾಧಿಕಾರಿಯಾಗಿದ್ದ ಹರ್ಬರ್ಟ ರಿಸ್ಲೆ ಎಂಬವರು ಮನುಷ್ಯರ ಮೂಗು ತಲೆಗಳನ್ನು ಅಳೆದರೆ ಅವರ ಕುಲದ ಮೂಲವು ತಿಳಿಯುವದೆಂದು ನಂಬಿದ್ದರು. ಹಿಂದುಸ್ಥಾನದ ಜನರೆಲ್ಲರನ್ನೂ ಅವರು ಏಳು ಬಗೆಗಳಾಗಿ ವಿಂಗಡಿಸಿದರು. ಮೂಗು ನೀಳವಾದಷ್ಟೂ ಸಮಾಜದಲ್ಲಿ ಜಾತಿಯ ಸ್ಥಾನ ಮೇಲು, ಅಗಲವಾದಷ್ಟೂ ಕೀಳು ಎಂಬದು ಅವರ ಸಿದ್ಧಾಂತವಾಗಿತ್ತು. ಅದನ್ನು ೧೯೦೮ರಲ್ಲಿ ದೊಡ್ಡ ಗ್ರಂಥವಾಗಿಯೂ ಪ್ರಕಟಿಸಿದರು. ಇದನ್ನು ಕೇಳಿ ನೀವು ಒಬ್ಬರ ಮೂಗನ್ನು ಒಬ್ಬರು ನೋಡಿ ನಗುವಿರಿ. ಆದರೆ ಆ ಕಾಲಕ್ಕೆ ಅದನ್ನು ಶಾಸ್ತ್ರವೆಂದು ತಿಳಿದಿದ್ದರು.

ಇಂಥ ಅಳತೆಯನ್ನು ಅಳತೆಯಿಂದಲೇ ಪರೀಕ್ಷಿಸಿದ ಒಬ್ಬ ಹೆಣ್ಣುಮಗಳ ಹೆಸರನ್ನು ನೀವು ಅವಶ್ಯವಾಗಿ ತಿಳಿದಿರಬೇಕು. ಅವರೇ ಇರಾವತಿ ಕರ್ವೆಯವರು. ೧೯೦೫ರಲ್ಲಿ ಹುಟ್ಟಿದ ಇವರು ೧೯೨೦ರ ದಶಕದ ಕೊನೆಗೆ ಜರ್ಮನಿಯ ಬರ್ಲಿನ ಪಟ್ಟಣಕ್ಕೆ ಹೋಗಿ, ಓಯ್ಗನ್ ಫಿಶರ ಎಂಬ ಪ್ರೊಫೆಸರರ ಕೈಕೆಳಗೆ ತಲೆಬುರುಡೆಗಳ ಅಭ್ಯಾಸ ಮಾಡಿದರು. ಬುರುಡೆಯ ಎಡಬಲಗಳ ಅಂತರವು ಬಿಳಿಯರ ಬುದ್ಧಿಯ ಹೆಚ್ಚುಗಾರಿಕೆಯನ್ನು ತೋರಿಸುತ್ತದೆಂಬ ನಂಬಿಕೆ ಗುರುಗಳಿಗಿತ್ತು. ಶಿಷ್ಯೆ ಬುರುಡೆಗಳನ್ನು ಒಂದೊಂದಾಗಿ ಅಳೆದು, ಆ ಅಂತರಕ್ಕೂ ಜನಾಂಗಕ್ಕೂ ಯಾವ ಸಂಬಂಧವೂ ಇಲ್ಲವೆಂದು ಬರೆದರು. ಪರದೇಶದಲ್ಲಿ, ಪರೀಕ್ಷೆ ಮಾಡುವ ಗುರುಗಳ ಎದುರಿಗೇ, ತಾವು ಕಂಡದ್ದನ್ನು ಕಂಡಂತೆ ಬರೆಯಲು ಎಷ್ಟು ಧೈರ್ಯ ಬೇಕಾಗಿತ್ತೆಂದು ಯೋಚಿಸಿರಿ. ಮುಂದೆ ಅವರು ಪುಣೆಯ ಡೆಕ್ಕನ ಕಾಲೇಜಿನಲ್ಲಿ ಬಹುಕಾಲ ಕಲಿಸಿ ೧೯೭೦ರಲ್ಲಿ ತೀರಿಕೊಂಡರು.

ಈಗಿನ ಕಾಲಕ್ಕೆ ಮೂಗನ್ನು ಅಳೆಯುವದು ನಿಂತು, ರಕ್ತದ ಒಳಗಿನ ವಂಶವಾಹಿಗಳನ್ನು ಓದುವ ವಿದ್ಯೆ ಬಂದಿದೆ. ಹೈದರಾಬಾದಿನ ಕೋಶ ಮತ್ತು ಅಣು ಜೀವಶಾಸ್ತ್ರ ಕೇಂದ್ರದ ಪಂಡಿತರು ಅಮೇರಿಕೆಯ ಪಂಡಿತರ ಜೊತೆಗೂಡಿ ೨೦೦೯ರಲ್ಲಿಯೂ ೨೦೧೩ರಲ್ಲಿಯೂ ಪ್ರಕಟಿಸಿದ ಶೋಧಗಳ ಸಾರಾಂಶವು ಹೀಗಿದೆ: ಭಾರತದ ಹೆಚ್ಚುಕಡಿಮೆ ಎಲ್ಲ ಸಮುದಾಯಗಳೂ ಎರಡು ಪ್ರಾಚೀನ ಜನಸಮೂಹಗಳ ಬೆರಕೆಯಿಂದ ಆದವುಗಳು. ಬೆರಕೆಯ ಪ್ರಮಾಣವು ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಬೆರೆಯದೆ ಶುದ್ಧವಾಗಿ ಉಳಿದವರು ನಮ್ಮ ನಾಡಿನಲ್ಲಿ ದೊರೆಯಲಿಲ್ಲ. ಈ ಬೆರಕೆ ಸುಮಾರು ೪,೨೦೦ ವರುಷಗಳಿಂದ ೧,೯೦೦ ವರುಷಗಳ ಹಿಂದಿನ ವರೆಗೆ ಧಾರಾಳವಾಗಿ ನಡೆಯಿತು. ಆಮೇಲೆ ತಮ್ಮ ತಮ್ಮೊಳಗೇ ಮದುವೆಯಾಗುವ ಕಟ್ಟು ಬಿಗಿಯಾಗುತ್ತ ಬಂದು, ಬೆರಕೆ ಕಡಿಮೆಯಾಯಿತು. ಅಂದ ಬಳಿಕ ಜಾತಿಯು ಬೇರೆ ಬೇರೆ ರಕ್ತದಿಂದ ಹುಟ್ಟಿದ್ದಲ್ಲ. ಒಮ್ಮೆ ಬೆರೆತವರ ನಡುವೆ ಅನಂತರ ಹಾಕಿಕೊಂಡ ಬೇಲಿಯು.

೩. ಬಂದ ದಾರಿಗಳು

ಹಾಗಾದರೆ ನಮ್ಮ ಮೂರು ಪಟ್ಟಣಗಳ ಜನರು ಎಲ್ಲಿಂದ, ಯಾವಾಗ, ಯಾವ ಕೆಲಸಕ್ಕಾಗಿ ಬಂದರು? ಇದನ್ನು ಹೇಳುವವರು ಪೂರ್ವಕಾಲದಲ್ಲಿ ಹೆಳವರು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ, ಒಕ್ಕಲ ಮನೆಯ ಮುಂದೆ ನಿಂತು ಆ ಮನೆತನದ ವಂಶಾವಳಿಯನ್ನು ಹೇಳಿ ಕಾಳುಕಡಿ ಪಡೆಯುವದು ಅವರ ವೃತ್ತಿ. ಮನೆತನದ ಮೂಲ ಊರು ಯಾವದು, ಅಲ್ಲಿಂದ ಯಾವ ಅಣ್ಣತಮ್ಮಂದಿರು ಹೊರಟರು ಎಂಬದೂ ಅವರ ಹೇಳಿಕೆಯಲ್ಲಿ ಬರುತ್ತದೆ. ಹೆಳವರ ಮಾತನ್ನು ಕೇಳಿದವರಿಗೆ ಒಂದು ಸಂಗತಿ ತಿಳಿಯುತ್ತದೆ: 'ಇಲ್ಲಿಯವರೇ' ಎಂದು ಹೇಳಿಕೊಳ್ಳುವ ಮನೆತನವೂ ಒಂದಾನೊಂದು ಕಾಲಕ್ಕೆ ಬೇರೆ ಕಡೆಯಿಂದ ಬಂದದ್ದೇ.

ಹೊಳೆಯು ಎಲ್ಲಕ್ಕಿಂತ ಹಳೆಯ ದಾರಿಯು. ರಾಣೆಬೆನ್ನೂರು ತಾಲೂಕಿನ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ವರದೆ ಗಳಗನಾಥದ ಬಳಿ ಬಂದು ಅವಳನ್ನು ಕೂಡುತ್ತಾಳೆ. ಹೊಳೆಯಿದ್ದಲ್ಲಿ ಅಂಬಿಗರು. ಹನ್ನೆರಡನೆಯ ಶತಮಾನದ ವಚನಕಾರ ಅಂಬಿಗರ ಚೌಡಯ್ಯನ ಹೆಸರನ್ನು ಹೊತ್ತ ಚೌಡಯ್ಯದಾನಪುರವು ಅದೇ ದಂಡೆಯ ಮೇಲಿದೆ. ಹುಲ್ಲುಗಾವಲಿದ್ದಲ್ಲಿ ಕುರುಬರು, ರಾಣೆಬೆನ್ನೂರು ತಾಲೂಕಿನ ಮೇಡ್ಲೇರಿಯ ಕಂಬಳಿ ಪ್ರಸಿದ್ಧವಾದದ್ದು. ಎರೆಯ ಹೊಲವಿದ್ದಲ್ಲಿ ಒಕ್ಕಲಿಗರು, ಅವರ ಬೆನ್ನಿಗೆ ಬಡಿಗ, ಕಮ್ಮಾರ, ಕುಂಬಾರ, ಮಡಿವಾಳ, ಮಾದಿಗ, ಚಲವಾದಿ ಮೊದಲಾದ ಎಲ್ಲ ದುಡಿಮೆಯವರು. ಹಾವೇರಿಯ ಸಿದ್ಧೇಶ್ವರ ಗುಡಿಯು ಕಲ್ಯಾಣದ ಚಾಲುಕ್ಯರ ಕಾಲದ್ದು. ಇಂಥ ಗುಡಿ ಎದ್ದುನಿಲ್ಲಬೇಕಾದರೆ ಕಲ್ಲು ಕಡಿಯುವವರು, ಹೊರುವವರು, ಲೆಕ್ಕ ಬರೆಯುವವರು, ಪೂಜೆ ಮಾಡುವವರು, ಹೂ ಕೊಡುವವರು ಎಲ್ಲರೂ ಒಂದೇ ಊರಿನಲ್ಲಿ ನೆರೆದಿರಲೇಬೇಕು.

ಆಮೇಲೆ ದಂಡಿನ ದಾರಿ. ವಿಜಾಪುರದ ಆದಿಲಶಾಹಿಗಳ ಆಳಿಕೆ, ಮೊಗಲರ ದಂಡು, ಮರಾಠರ ಸವಾರಿ ಇವೆಲ್ಲ ಈ ಸೀಮೆಯ ಮೇಲೆ ಹಾದುಹೋದವು. ಸವಣೂರಿನಲ್ಲಿ ಪಠಾಣ ನವಾಬರ ಮನೆತನವು ನೆಲೆನಿಂತು, ಆ ಸಂಸ್ಥಾನವು ೧೯೪೮ರಲ್ಲಿ ವಿಲೀನವಾಗುವ ವರೆಗೆ ನಡೆಯಿತು. ಹೀಗೆ ಕೆಲವು ಮುಸಲ್ಮಾನ ಮನೆತನಗಳು ದಂಡಿನ ಜೊತೆಗೂ ದರಬಾರಿನ ಜೊತೆಗೂ ಬಂದವು. ಇನ್ನು ಅನೇಕರು ಈ ಮಣ್ಣಿನವರೇ ಆಗಿ ಮತ ಬದಲಿಸಿದವರು. ಮರಾಠರು, ಬಟ್ಟೆ ಹೊಲಿಯುವ ಬಣ್ಣ ಹಾಕುವ ನಾಮದೇವ ಸಿಂಪಿಗರು ಬಡಗಣ ದಾರಿಯಿಂದ ಬಂದರು. ಲಮಾಣಿಗಳು ಎತ್ತಿನ ಹಿಂಡಿನ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ದಂಡುಗಳಿಗೆ ಒದಗಿಸುತ್ತ ಬಂದವರು. ರೈಲು ಬಂದ ಮೇಲೆ ಅವರ ಎತ್ತಿನ ವ್ಯಾಪಾರವು ಮುರಿದುಬಿದ್ದು, ಅವರು ತಾಂಡೆಗಳಲ್ಲಿ ನೆಲೆಸಿ ಕೂಲಿ, ಒಕ್ಕಲುತನಗಳಿಗೆ ಇಳಿದರು.

ಬರಗಾಲವೂ ಜನರನ್ನು ನಡೆಸುವ ಒಂದು ದಾರಿಯೇ ಆಗಿದೆ. ೧೮೭೬ರಿಂದ ೧೮೭೮ರ ವರೆಗಿನ ದೊಡ್ಡ ಬರದ ಪೆಟ್ಟಿನಿಂದ ೧೮೮೧ರ ಎಣಿಕೆಯಲ್ಲಿ ಧಾರವಾಡ ಜಿಲ್ಲೆಯ ಜನಸಂಖ್ಯೆಯು ೧೮೭೨ರಲ್ಲಿದ್ದದ್ದಕ್ಕಿಂತ ಕಡಿಮೆಯಾಗಿ, ಸುಮಾರು ೮ ಲಕ್ಷ ೮೨ ಸಾವಿರಕ್ಕೆ ಇಳಿದಿತ್ತು. ಆಗ ನಮ್ಮ ಮೂರೂ ಊರುಗಳು ಮುಂಬಯಿ ಇಲಾಖೆಯ ಅದೇ ಜಿಲ್ಲೆಗೆ ಸೇರಿದ್ದವು. ಆ ಬರದಲ್ಲಿ ತಂದೆತಾಯಿಗಳನ್ನು ಕಳಕೊಂಡ ಎಷ್ಟೋ ಮಕ್ಕಳಿಗೆ ಬಾಸೆಲ ಮಿಶನ್ನಿನವರು ಆಶ್ರಯ ಕೊಟ್ಟರು. ಈ ನಾಡಿನ ಕ್ರೈಸ್ತ ಮನೆತನಗಳಲ್ಲಿ ಕೆಲವು ಅಂಥ ಮಕ್ಕಳಿಂದ ಬೆಳೆದವುಗಳು. ಆ ಮಕ್ಕಳು ಯಾವ ಜಾತಿಯವರೆಂದು ಹೇಳಲು ಹಿರಿಯರೇ ಉಳಿದಿರಲಿಲ್ಲ.

ಕೊನೆಗೆ ಕಬ್ಬಿಣದ ದಾರಿ. ೧೮೮೦ರ ದಶಕದಲ್ಲಿ ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ಹಾಕಿದ ರೈಲು ಹಳಿಯು ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳನ್ನು ಒಂದೇ ದಾರದಲ್ಲಿ ಪೋಣಿಸಿತು. ರಾಣೆಬೆನ್ನೂರಿನ ಅರಳೆಯ ಪೇಟೆಗೆ ಗುಜರಾತಿ, ಮಾರವಾಡಿ ವರ್ತಕರು ಬಂದರು. ಕರಾವಳಿಯವರು ಬಂದು ಖಾನಾವಳಿ, ಚಹದ ಅಂಗಡಿಗಳನ್ನು ತೆರೆದರು. ಮಲೆನಾಡಿನ ಯಾಲಕ್ಕಿಯು ಹಾವೇರಿಗೆ ಬಂದು, ಭಾವಿಯ ನೀರಿನಲ್ಲಿ ಅಂಟುವಾಳ ಹಾಕಿ ತೊಳೆಸಿಕೊಂಡು, ಬಿಳುಪಾಗಿ ದೂರದ ಪೇಟೆಗಳಿಗೆ ಹೋಗುತ್ತಿತ್ತು. ಆ ವ್ಯಾಪಾರ ಸಣ್ಣದಾದರೂ ಯಾಲಕ್ಕಿಯ ಹಾರವು ಉಳಿದಿದೆ. ಅದನ್ನು ಕಟ್ಟುವವರು ರೇಷ್ಮೆಯ ದಾರದ ಕುಸುರಿನಲ್ಲಿ ಪಳಗಿದ ಪಟವೇಗಾರ ಮುಸಲ್ಮಾನರು. ೨೦೨೩ನೆಯ ಜನವರಿಯಲ್ಲಿ ಹಾವೇರಿಯಲ್ಲಿ ೮೬ನೆಯ ಕನ್ನಡ ಸಾಹಿತ್ಯ ಸಮ್ಮೇಲನ ಕೂಡಿದಾಗ ಈ ಸೀಮೆಯನ್ನು 'ಯಾಲಕ್ಕಿ ಕಂಪಿನ ನಾಡು' ಎಂದು ಎಲ್ಲರೂ ಹೊಗಳಿದರು. ಆ ಕಂಪಿನಲ್ಲಿ ಮಲೆನಾಡಿನ ತೋಟಿಗರ ಪಾಲೂ, ಹಾವೇರಿಯ ಭಾವಿಯ ಪಾಲೂ, ಪಟವೇಗಾರರ ಬೆರಳುಗಳ ಪಾಲೂ ಇವೆ.

ಬ್ಯಾಡಗಿಯ ಮೆಣಸಿನಕಾಯಿಯ ಸಂಗತಿಯೂ ಹಾಗೆಯೇ. ೨೦೧೧ರಲ್ಲಿ ಅದಕ್ಕೆ ಊರಿನ ಹೆಸರಿನ ಭೌಗೋಳಿಕ ಗುರುತು ದೊರೆಯಿತು. ಆದರೆ ಅಲ್ಲಿಯ ಪೇಟೆಗೆ ಬೀಳುವ ಚೀಲಗಳು ಗದಗ, ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರದಿಂದಲೂ ಬರುತ್ತವೆ. ಬೆಳೆದದ್ದು ಅನೇಕ ಮಣ್ಣಿನಲ್ಲಿ, ಬೆಲೆ ಕಟ್ಟುವದು ಒಂದೇ ಕಟ್ಟೆಯ ಮೇಲೆ. ಜನರಿಗೂ ಊರು ಇಂಥದೇ ಒಂದು ಕಟ್ಟೆಯು.

೪. ಅಂಕಿಗಳು ಹೇಳುವದೇನು?

ನಮ್ಮ ಅಜ್ಜಂದಿರು ಜನಗಣತಿಯನ್ನು 'ಖಾನೇಸುಮಾರಿ' ಎನ್ನುತ್ತಿದ್ದರು. ೧೮೮೧ರಿಂದ ಹತ್ತು ವರುಷಕ್ಕೊಮ್ಮೆ ಅದು ಕ್ರಮವಾಗಿ ನಡೆಯಿತು. ೨೦೨೧ರಲ್ಲಿ ಮಾತ್ರ ನಡೆಯದೆ ಹೋಯಿತು. ಪ್ರತಿಯೊಂದು ಜಾತಿಯ ಅಂಕಿಗಳನ್ನು ಪೂರ್ಣವಾಗಿ ಪ್ರಕಟಿಸಿದ್ದು ೧೯೩೧ರಲ್ಲಿ ಕೊನೆಯದು. ಸ್ವಾತಂತ್ರ್ಯ ಬಂದ ಮೇಲೆ ೧೯೫೧ರಿಂದ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳನ್ನು ಮಾತ್ರ ಬೇರೆಯಾಗಿ ಎಣಿಸುತ್ತ ಬಂದರು.

೧೯೯೭ರಲ್ಲಿ ಧಾರವಾಡ ಜಿಲ್ಲೆಯನ್ನು ಒಡೆದು ಹಾವೇರಿ ಜಿಲ್ಲೆಯನ್ನು ಮಾಡಿದರು. ೨೦೧೧ರ ಎಣಿಕೆಯಂತೆ ಈ ಜಿಲ್ಲೆಯಲ್ಲಿ ಸುಮಾರು ೧೬ ಲಕ್ಷ ಜನರಿದ್ದರು. ಹಾವೇರಿ ಪಟ್ಟಣದಲ್ಲಿ ಸುಮಾರು ೬೭ ಸಾವಿರ, ರಾಣೆಬೆನ್ನೂರಿನಲ್ಲಿ ೧ ಲಕ್ಷ ೬ ಸಾವಿರ, ಬ್ಯಾಡಗಿಯಲ್ಲಿ ಸುಮಾರು ೩೦ ಸಾವಿರ. ಜಿಲ್ಲೆಯ ನೂರು ಜನರನ್ನು ಒಂದು ಕೋಣೆಯಲ್ಲಿ ಕೂಡಿಸಿದರೆ, ಸುಮಾರು ೮೦ ಜನರು ಹಿಂದೂಗಳೆಂದು, ೧೮–೧೯ ಜನರು ಮುಸಲ್ಮಾನರೆಂದು ಬರೆಯಿಸಿದವರು. ಕ್ರೈಸ್ತರಾದ ನಮಗೆ ಆ ನೂರರಲ್ಲಿ ಒಂದು ಪೂರ್ತಿ ಕುರ್ಚಿಯೂ ದೊರೆಯದು. ಅದೇ ನೂರರಲ್ಲಿ ಸುಮಾರು ೧೪ ಜನರು ಪರಿಶಿಷ್ಟ ಜಾತಿಗಳವರು, ಸುಮಾರು ೯ ಜನರು ಪರಿಶಿಷ್ಟ ಪಂಗಡದವರು. ಮಾತಿನಲ್ಲಿ ಕನ್ನಡವು ಎಲ್ಲಕ್ಕೂ ದೊಡ್ಡದು, ಅನಂತರ ಉರ್ದು, ಅದರ ತರುವಾಯ ಲಂಬಾಣಿ. ಆದರೆ ಸಂತೆಯ ದಿನ ಚೌಕಾಸಿ ಮಾಡುವಾಗ ಎಲ್ಲರ ಬಾಯಲ್ಲಿಯೂ ಬರುವದು ಕನ್ನಡವೇ ಎಂಬದು ಯಾವ ಅಂಕಿಯಲ್ಲಿಯೂ ಕಾಣುವದಿಲ್ಲ.

ಎಣಿಕೆಯು ಒಂದು ಚಾಕುವಿದ್ದಂತೆ. ಅದರಿಂದ ಕಾಯಿಪಲ್ಯ ಹೆಚ್ಚಬಹುದು, ಕೈಯನ್ನೂ ಕೊಯ್ಯಬಹುದು. ೧೮೭೧ರಲ್ಲಿ ಬ್ರಿಟಿಷ ಸರಕಾರದವರು ಒಂದು ಕಾಯದೆಯನ್ನು ಮಾಡಿ, ಕೆಲವು ಅಲೆಮಾರಿ ಕುಲಗಳವರನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಪಟ್ಟಿಯಲ್ಲಿ ಬರೆದರು. ಅದು ಮುಂದೆ ನಮ್ಮ ಸೀಮೆಗೂ ಬಂದಿತು. ಅಂಥವರನ್ನು ಕಾವಲಿನಲ್ಲಿಡುವದಕ್ಕಾಗಿ ಮಾಡಿದ ವಸತಿಯ ನೆನಪು ಹುಬ್ಬಳ್ಳಿಯ 'ಸೆಟಲಮೆಂಟ' ಎಂಬ ಹೆಸರಿನಲ್ಲಿ ಇನ್ನೂ ಉಳಿದಿದೆ. ತೊಟ್ಟಿಲ ಕೂಸಿನ ಹೆಸರೂ ಕಳ್ಳರ ಪಟ್ಟಿಗೆ ಸೇರಿದ ಜನರಾಗಿ ಎರಡು ಮೂರು ತಲೆಮಾರು ಬದುಕಿದ ಮೇಲೆ, ೧೯೫೨ರಲ್ಲಿ ಸ್ವತಂತ್ರ ಭಾರತವು ಆ ಕಾಯದೆಯನ್ನು ರದ್ದುಮಾಡಿತು. ಆದರೆ ಅದೇ ಎಣಿಕೆಯಿಂದ ಇಂದು ಯಾವ ಓಣಿಯ ಹುಡುಗಿಯರು ಶಾಲೆಗೆ ಬಂದಿಲ್ಲವೆಂದು ತಿಳಿಯುತ್ತದೆ. ವಿದ್ಯಾರ್ಥಿವೇತನವೂ, ವಸತಿಗೃಹವೂ, ನೌಕರಿಯಲ್ಲಿ ಪಾಲೂ ದೊರೆಯುತ್ತವೆ. ಯಾರಿಗೆ ಅನ್ಯಾಯವಾಗಿದೆಯೋ ಅವರನ್ನು ಎಣಿಸದೆ ನ್ಯಾಯ ಕೊಡುವದು ಹ್ಯಾಗೆ?

೫. ಬೇಲಿಯು ಎಲ್ಲಿದೆ?

ಇಲ್ಲಿ ನಮ್ಮದೊಂದು ತಪ್ಪನ್ನು ಹೇಳದೆ ಮುಂದರಿಯಲಾರೆವು. ಸುಮಾರು ಇಪ್ಪತ್ತು ವರುಷಗಳ ಕೆಳಗೆ, ನಾವು ಬೇರೊಂದು ಊರಿನ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದಾಗ, ವಿದ್ಯಾರ್ಥಿವೇತನದ ಪಟ್ಟಿಯನ್ನು ಅದೇ ದಿನ ಕಳುಹಿಸಬೇ‌ಕಾಗಿತ್ತು. ಅವಸರದಲ್ಲಿ ನಾವು ತರಗತಿಯ ನಡುವೆ ನಿಂತು, "ಪರಿಶಿಷ್ಟ ಜಾತಿಯವರು ಎದ್ದು ನಿಲ್ಲಿರಿ" ಎಂದು ಹೇಳಿದೆವು. ಆರು ಮಂದಿ ಎದ್ದರು. ಅವರ ಹೆಸರುಗಳನ್ನು ಬರಕೊಂಡೆವು. ಕಿಟಕಿಯ ಬಳಿಯ ಒಬ್ಬಳು ತಲೆತಗ್ಗಿಸಿ ಪುಸ್ತಕದ ಹಾಳೆ ತಿರುವುತ್ತ ಕುಳಿತೇ ಇದ್ದಳು. ಎರಡು ತಿಂಗಳ ತರುವಾಯ ಅವಳ ತಾಯಿ ಬಂದು, "ಅಕ್ಕಾವ್ರ, ನಮ್ಮ ಹುಡುಗಿಗೆ ರೊಕ್ಕ ಯಾಕ ಬರಲಿಲ್ರಿ?" ಎಂದು ಕೇಳಿದಾಗಲೇ ನಮಗೆ ಸಂಗತಿ ತಿಳಿಯಿತು. ಹುಡುಗಿಯನ್ನು ಕರೆದು ಕೇಳಿದರೆ, "ಮರುದಿನದಿಂದ ನನ್ನ ಬಾಜೂಕ ಯಾರೂ ಕೂಡೂದಿಲ್ಲ ಅಂತ ಏಳಲಿಲ್ರಿ" ಎಂದಳು. ಅವಳು ಆ ವರುಷದ ಹಣವನ್ನು ಕಳಕೊಂಡದ್ದು ನಮ್ಮ ಅವಿವೇಕದಿಂದ. ಪಟ್ಟಿ ಮಾಡುವದು ತಪ್ಪಾಗಿರಲಿಲ್ಲ. ನಲವತ್ತು ಜೋಡಿ ಕಣ್ಣುಗಳ ಮುಂದೆ ಮಾಡಿದ್ದು ತಪ್ಪು. ಅಂದಿನಿಂದ ಇಂಥ ಸಂಗತಿಗಳನ್ನು ನಾವು ಕೋಣೆಯಲ್ಲಿ ಒಬ್ಬೊಬ್ಬಳನ್ನೇ ಕರೆದು, ಬಾಗಿಲು ಮುಚ್ಚಿ ಕೇಳುತ್ತೇವೆ. ಆ ಹುಡುಗಿಯ ಮುಖವು ಮಾತ್ರ ಇನ್ನೂ ನಮ್ಮನ್ನು ಬಿಟ್ಟಿಲ್ಲ.

ಅವಳು ಹೆದರಿದ್ದು ಯಾವದಕ್ಕೆ? ಮೂಗಿನ ಅಳತೆಗಲ್ಲ, ವಂಶವಾಹಿಗೂ ಅಲ್ಲ, ಬಾಜೂಕಿನ ಜಾಗಕ್ಕೆ. ಬೇಲಿಯು ಅಲ್ಲಿದೆ: ಕೂಡುವ ಜಾಗದಲ್ಲಿ, ನೀರು ಕೊಡುವ ಕೈಯಲ್ಲಿ, ಬಾಡಿಗೆಯ ಮನೆ ಕೇಳಿದಾಗ ಬರುವ ಉತ್ತರದಲ್ಲಿ, ಮದುವೆಯ ಮಾತಿನಲ್ಲಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ಸುಗ್ಗಿಯಲ್ಲಿ ಎಲ್ಲ ಓಣಿಗಳ ಹೆಂಗಸರೂ ಒಂದೇ ರಾಶಿಯ ಸುತ್ತ ಕುಳಿತು ತೊಟ್ಟು ಬಿಡಿಸುತ್ತಾರೆ. ಘಾಟು ಎಲ್ಲರ ಕಣ್ಣಿಗೂ ಒಂದೇ ತರದಲ್ಲಿ ಹತ್ತುತ್ತದೆ. ಸೀನು ಬಂದರೆ ಒಟ್ಟಿಗೆ ನಗುತ್ತಾರೆ. ಸಂಜೆಗೆ ಕೂಲಿ ಎಣಿಸಿಕೊಂಡು ಅವರವರ ಓಣಿಗೆ ಹೋದ ಮೇಲೆ, ಅದೇ ಹೆಂಗಸರಲ್ಲಿ ಎಷ್ಟು ಮಂದಿ ಒಬ್ಬರ ಮನೆಯಲ್ಲಿ ಒಬ್ಬರು ರೊಟ್ಟಿ ಉಣ್ಣುವರು? ನಾವು ಕ್ರೈಸ್ತರು ಈ ವಿಷಯದಲ್ಲಿ ಬೇರೆಯವರ ಕಡೆಗೆ ಬೆರಳು ತೋರಿಸುವ ಹಾಗಿಲ್ಲ. ಸಂಬಂಧ ನೋಡುವಾಗ ಹುಡುಗನ ಹಿರಿಯರು ಮೊದಲು ಯಾವ ಜಾತಿಯಿಂದ ಬಂದವರೆಂದು ಮೆಲ್ಲಗೆ ವಿಚಾರಿಸುವ ಹಿರಿಯರು ನಮ್ಮಲ್ಲಿಯೂ ಇದ್ದಾರೆ.

ಬೇಲಿಯನ್ನು ಹಾಕಿದವರು ಮನುಷ್ಯರಾದುದರಿಂದ ದಾಟಿದವರೂ ಮನುಷ್ಯರಲ್ಲಿಯೇ ಉಂಟು. ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ ೧೯೪೩ನೆಯ ಏಪ್ರಿಲ ೧ರಂದು ಬ್ರಿಟಿಷರ ಪೋಲೀಸರ ಗುಂಡಿಗೆ ಮೂವರು ದೇಶಭಕ್ತರು ಬಲಿಯಾದರು: ಮೈಲಾರ ಮಹಾದೇವ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ. ಅಡ್ಡಹೆಸರುಗಳನ್ನು ನಿಧಾನವಾಗಿ ಓದಿರಿ. ಒಂದು ದೇವರ ಹೆಸರು, ಒಂದು ಬಟ್ಟೆ ಒಗೆಯುವ ಕಾಯಕದ ಹೆಸರು, ಒಂದು ಮಠದ ಹೆಸರು. ಮಹಾದೇವರು ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನವರು. ೧೯೩೦ರಲ್ಲಿ ಗಾಂಧಿಯವರ ಜೊತೆಗೆ ದಾಂಡಿಯ ವರೆಗೆ ನಡೆದ ಕನ್ನಡಿಗರು. ಅವರ ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯಕ್ಕಾಗಿ ಸೆರೆಮನೆಯನ್ನು ಕಂಡವರು. ಮೂವರು ಒಂದೇ ಕೆಲಸಕ್ಕೆ ಹೊರಟು ಒಂದೇ ದಿನ ಪ್ರಾಣ ಕೊಟ್ಟರು.

ಇನ್ನು ನಮ್ಮ ಹುಡುಗಿಯ ಪ್ರಶ್ನೆಗೆ ಉತ್ತರ. ಮಗಳೇ, ನಿನ್ನ ಅವ್ವ ಹೇಳಿದ್ದು ನಿಮ್ಮ ಮನೆಯ ಧರ್ಮಾಚರಣೆಯ ಹೆಸರನ್ನು. ನಿನ್ನ ಅಜ್ಜ ಹೇಳಿದ್ದು ಹಿರಿಯರು ಎಣ್ಣೆಯ ಗಾಣ ನಡೆಸಿದ ಕಸುಬಿನ ಹೆಸರನ್ನು, ಮದುವೆಯ ವರ್ತುಳದ ಹೆಸರನ್ನು. ಎರಡೂ ಖರೆಯೇ, ಬೇರೆ ಬೇರೆ ಪ್ರಶ್ನೆಗಳಿಗೆ ಹೇಳಿದ ಉತ್ತರಗಳು. ಗಣತಿಯವರು ಮುಂದೆ ಬಂದಾಗ, ಅವರು ಕೇಳುವದು ಮತವೋ, ಜಾತಿಯೋ, ಉಪಜಾತಿಯೋ, ಮನೆಮಾತೋ ಎಂದು ಸ್ಪಷ್ಟವಾಗಿ ತಿಳಕೊಂಡು, ಮನೆಯ ಹಿರಿಯರೊಡನೆ ಮಾತಾಡಿ, ಇದ್ದದ್ದನ್ನು ಇದ್ದಂತೆ ಬರೆಯಿಸು. ಹೆಚ್ಚಿನದೆಂದು ಸೊಕ್ಕಬೇಡ, ಕಡಿಮೆಯದೆಂದು ಮುಚ್ಚಬೇಡ. ದೇಹದ ವಂಶವನ್ನು ಕೇಳಿದರೆ ಮಾತ್ರ, ನಿನಗೂ ನಿನ್ನ ಬಾಜೂಕ ಕೂಡುವವಳಿಗೂ ಒಂದೇ ಉತ್ತರ: ಬೆರೆತವರು, ಬಂದವರು, ಇಲ್ಲಿಯೇ ನಿಂತವರು.

೬. ಮನೆಯಲ್ಲಿ ಮಾಡತಕ್ಕ ಅಭ್ಯಾಸ

(ಅ) ನಿಮ್ಮ ಅಡ್ಡಹೆಸರು ಊರಿನಿಂದ ಬಂದದ್ದೋ, ಕಸುಬಿನಿಂದಲೋ, ದೇವರಿಂದಲೋ ಎಂದು ಅಜ್ಜ ಅಜ್ಜಿಯರನ್ನು ಕೇಳಿ ಬರೆಯಿರಿ.

(ಆ) ನಿಮ್ಮ ಮನೆತನವು ಈ ಊರಿಗೆ ಯಾವ ಕಾಲಕ್ಕೆ, ಯಾವ ದಾರಿಯಿಂದ, ಏತಕ್ಕಾಗಿ ಬಂದಿತು? ಅಜ್ಜಿಗೆ ನೆನಪಿದ್ದಷ್ಟು ಸಾಕು.

(ಇ) ತಾಯಿಯ ತವರು, ಅಜ್ಜಿಯ ತವರು, ಮುತ್ತಜ್ಜಿಯ ತವರು ಇವುಗಳ ಹೆಸರು ಬರೆಯಿರಿ. ವಂಶಾವಳಿಗಳಲ್ಲಿ ಗಂಡಸರ ಹೆಸರುಗಳೇ ತುಂಬಿರುತ್ತವೆ. ಹೆಣ್ಣುಮಕ್ಕಳು ಎಷ್ಟು ಊರುಗಳನ್ನು ಒಂದು ಮನೆಗೆ ತಂದರೆಂಬದನ್ನು ನೀವೇ ಎಣಿಸಿರಿ.

(ಈ) ಮುಂದಿನ ಸೋಮವಾರ ಮಧ್ಯಾಹ್ನದ ಊಟಕ್ಕೆ ದಿನಾಲು ಕೂಡುವ ಜಾಗವನ್ನು ಬಿಟ್ಟು, ಇದು ವರೆಗೆ ಒಮ್ಮೆಯೂ ಜೊತೆಗೆ ಉಣ್ಣದ ಒಬ್ಬಳ ಬಾಜೂಕ ಕುಳಿತು ಬುತ್ತಿ ಬಿಚ್ಚಿರಿ. ಈ ಅಭ್ಯಾಸವನ್ನು ಬರೆದು ತೋರಿಸುವ ಕಾರಣವಿಲ್ಲ. ಆ ದಿನ ನಾವೂ ನಮ್ಮ ಬುತ್ತಿಯನ್ನು ತಕ್ಕೊಂಡು ನಿಮ್ಮ ನಡುವೆ ಬರುವೆವು.